ಜ್ಞಾನಕ್ಕೂ ಒಂದು ಕಾಲುವೆ ಬೇಕು

ಹತ್ತನೇ ತರಗತಿವರೆಗೂ ಕನ್ನಡದಲ್ಲೇ ಓದಿ
ಒಳ್ಳೆ ಅಂಕ ತಗೊಂಡ ಹುಡುಗಿ,
ಡಿಗ್ರಿಗೆ ಬಂದ ತಕ್ಷಣ ದಡ್ಡಿ ಆಗಿಬಿಡ್ತಾಳಾ?

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ.
ಇಲ್ಲಿನ ಬಹುತೇಕ ಡಿಗ್ರಿ ಕಾಲೇಜುಗಳು
ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ ಸೇರ್ತವೆ.
ಮಹಿಳಾ ಕಾಲೇಜುಗಳು
ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯಕ್ಕೆ.

ಬಿ.ಎ. ಓದಿದ್ರೆ ಕನ್ನಡದಲ್ಲೇ ಉತ್ತರ ಬರೀಬಹುದು.
ಬಿ.ಎಸ್ಸಿ. ಹಿಡಿದ್ರೆ?
ಪುಸ್ತಕ ಇಂಗ್ಲಿಷ್. ಪ್ರಶ್ನೆಪತ್ರಿಕೆ ಇಂಗ್ಲಿಷ್.

ಆಲಮಟ್ಟಿ ಜಲಾಶಯ ನೋಡಿದ್ದೀರಲ್ಲ?
ಕೃಷ್ಣೆ ತುಂಬಿ ನಿಂತಿರ್ತಾಳೆ.
ಆದ್ರೆ ಕಾಲುವೆ ಇಲ್ಲದ ಹೊಲಕ್ಕೆ
ಹನಿ ನೀರೂ ಹರಿಯಲ್ಲ.
ಜ್ಞಾನ ಆ ಜಲಾಶಯ.
ಭಾಷೆ ಆ ಕಾಲುವೆ.

ಹಾಗಾದ್ರೆ ನೀತಿ ಏನು ಹೇಳುತ್ತೆ?
ಉನ್ನತ ಶಿಕ್ಷಣದಲ್ಲೂ ಭಾರತೀಯ ಭಾಷೆಗಳು ಬರಲಿ.
ಇದು 2020ರ ರಾಷ್ಟ್ರೀಯ ಶಿಕ್ಷಣ ನೀತಿ.
ಪಾಠ ಇಂಗ್ಲಿಷಿನಲ್ಲಿದ್ರೂ
ಪರೀಕ್ಷೆ ಸ್ಥಳೀಯ ಭಾಷೆಯಲ್ಲಿ ಬರೆಯೋಕೆ ಬಿಡಿ.
ಇದು 2023ರ ಏಪ್ರಿಲ್‌ನಲ್ಲಿ
ವಿಶ್ವವಿದ್ಯಾಲಯಗಳಿಗೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಹೇಳಿದ ಮಾತು.

ಆದ್ರೆ ಅನುಮತಿ ಒಂದೇ ಸಾಲಲ್ಲ.
ಕನ್ನಡದಲ್ಲಿ ಒಳ್ಳೆ ವಿಜ್ಞಾನ ಪುಸ್ತಕ ಬೇಕು.
ಕನ್ನಡದಲ್ಲಿ ಬಿಡಿಸಿ ಹೇಳೋ ಅಧ್ಯಾಪಕರು ಬೇಕು.
ಕನ್ನಡದ ಉತ್ತರಕ್ಕೂ ಅಷ್ಟೇ ಗೌರವದ ಮೌಲ್ಯಮಾಪನ ಬೇಕು.
ಜೊತೆಗೆ ಇಂಗ್ಲಿಷನ್ನೂ ಚೆನ್ನಾಗಿ ಕಲಿಸಬೇಕು.
ಎರಡೂ ನಮ್ಮ ಮಕ್ಕಳ ಹಕ್ಕು.

ಬಾಗೇವಾಡಿ, ಬಸವಣ್ಣನವರ ಊರು.
12ನೇ ಶತಮಾನದಲ್ಲೇ ಶರಣರು
ಅತಿ ಆಳದ ವಿಚಾರವನ್ನ
ಜನ ಆಡೋ ಕನ್ನಡದಲ್ಲಿ ಹೇಳಿದ್ರು.
ಅದೇ ನೆಲದ ಮಗಳಿಗೆ
ಭೌತಶಾಸ್ತ್ರ ಕನ್ನಡದಲ್ಲಿ ಯಾಕೆ ಸಿಗಬಾರದು?

ನಾಳೆ ನಿಮ್ಮ ಕಾಲೇಜಿನಲ್ಲಿ ಈ ಪ್ರಶ್ನೆ ಕೇಳಿ:
ನಾನು ಪರೀಕ್ಷೆಯನ್ನ ಕನ್ನಡದಲ್ಲಿ ಬರೀಬಹುದಾ?