ಮನೆಯ ಕಾರ್ಯಾಗಾರದಲ್ಲಿ ಉಕ್ಕಿನ ಬೀರು: ತಯಾರಿಕೆ ಮತ್ತು ಸುರಕ್ಷತೆ

ಭಾರತೀಯ ಮಧ್ಯಮ ವರ್ಗದ ಕುಟುಂಬಗಳಲ್ಲಿ ಉಕ್ಕಿನ ಬೀರುವಿಗೆ ವಿಶೇಷ ಸ್ಥಾನವಿದೆ. ಆಭರಣ, ದಸ್ತಾವೇಜು, ರೇಷ್ಮೆ ಸೀರೆ, ಮಕ್ಕಳ ಪ್ರಮಾಣಪತ್ರ ಇವೆಲ್ಲವೂ ಅದರಲ್ಲಿಯೇ ಇರುತ್ತವೆ. ಮುಂಬಯಿಯಲ್ಲಿ 1897ರಲ್ಲಿ ಬೀಗಗಳ ತಯಾರಿಕೆಯಿಂದ ಆರಂಭವಾದ ಗೋದ್ರೆಜ್ ಸಂಸ್ಥೆಯು 1923ರಲ್ಲಿ ಉಕ್ಕಿನ ಬೀರುಗಳನ್ನು ತಯಾರಿಸಲು ತೊಡಗಿತು. ಅಂದಿನಿಂದ ಈ ವಸ್ತು ಮನೆಮನೆಯನ್ನೂ ಪ್ರವೇಶಿಸಿದೆ. ಕಾರ್ಖಾನೆಯಲ್ಲಿ ತಯಾರಾಗುವ ಈ ವಸ್ತುವಿನ ಸಣ್ಣ ಮಾದರಿಯೊಂದನ್ನು, ಸಾಮಾನ್ಯ ಉಪಕರಣಗಳಿರುವ ಮನೆಯ ಕಾರ್ಯಾಗಾರದಲ್ಲಿಯೂ ನಿರ್ಮಿಸಬಹುದಾಗಿದೆ. ಆದರೆ ತೆಳುವಾದ ತಗಡಿಗೆ ಬೆಸುಗೆ ಹಾಕುವ ಕೆಲಸವು ಎರಡು ಬಗೆಯ ಎಚ್ಚರವನ್ನು ಬೇಡುತ್ತದೆ. ಮೊದಲನೆಯದು, ತಗಡು ಸೊಟ್ಟಗಾಗದಂತೆ ನೋಡಿಕೊಳ್ಳುವುದು. ಎರಡನೆಯದು, ಕೆಲಸಗಾರನ ಕಣ್ಣು, ಶ್ವಾಸಕೋಶ ಹಾಗೂ ಪ್ರಾಣವನ್ನು ಕಾಪಾಡಿಕೊಳ್ಳುವುದು.

ತಗಡಿನ ಆಯ್ಕೆ

ಉಪಕರಣಗಳನ್ನಿಡಲು 900 ಮಿ.ಮೀ. ಎತ್ತರ, 600 ಮಿ.ಮೀ. ಅಗಲ, 400 ಮಿ.ಮೀ. ಆಳದ, ಒಂದು ಬಾಗಿಲು ಮತ್ತು ಎರಡು ಅಡ್ಡಹಲಗೆಗಳುಳ್ಳ ಬೀರುವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಇದಕ್ಕೆ 1 ಮಿ.ಮೀ. ದಪ್ಪದ, ತಣ್ಣಗೆ ಉರುಳಿಸಿದ ಮೆದು ಉಕ್ಕಿನ ತಗಡು ಸೂಕ್ತ. ಅಂಗಡಿಗಳಲ್ಲಿ ಇದನ್ನು ಸಿ.ಆರ್. ಶೀಟ್ ಎಂದು ಕರೆಯುವರು. ಗೇಜಿನ ಲೆಕ್ಕದಲ್ಲಿ 20 ಗೇಜು ಎಂದರೆ ಸುಮಾರು 0.9 ಮಿ.ಮೀ., 22 ಗೇಜು ಎಂದರೆ ಸುಮಾರು 0.7 ಮಿ.ಮೀ. ಗೇಜಿನ ಸಂಖ್ಯೆ ಹೆಚ್ಚಾದಂತೆ ತಗಡು ತೆಳುವಾಗುತ್ತದೆಂಬುದನ್ನು ಮರೆಯಬಾರದು. ಹೊಸ ಕೆಲಸಗಾರರಿಗೆ 22 ಗೇಜಿನ ತಗಡು ಕಷ್ಟವೆನಿಸುತ್ತದೆ, ಏಕೆಂದರೆ ಬೆಸುಗೆಯ ಶಾಖಕ್ಕೆ ಅದು ಕ್ಷಣಮಾತ್ರದಲ್ಲಿ ತೂತಾಗುತ್ತದೆ.

ಈ ಅಳತೆಯ ಬೀರುವಿಗೆ ಮಡಿಕೆಗಳೂ ಸೇರಿ ಸುಮಾರು 3 ಚದರ ಮೀಟರು ತಗಡು ಬೇಕು. ಒಂದು ಚದರ ಮೀಟರು ವಿಸ್ತೀರ್ಣದ 1 ಮಿ.ಮೀ. ಉಕ್ಕಿನ ತಗಡು 7.85 ಕಿಲೋಗ್ರಾಂ ತೂಗುವುದರಿಂದ, ತಗಡಿನ ತೂಕವೇ ಸುಮಾರು 23 ರಿಂದ 24 ಕಿಲೋಗ್ರಾಂ ಆಗುತ್ತದೆ. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಒಂದು ತಗಡಿನ ವಿಸ್ತೀರ್ಣ 2.97 ಚದರ ಮೀಟರು ಮಾತ್ರ. ಕತ್ತರಿಸುವಾಗ ಚೂರುಗಳು ವ್ಯರ್ಥವಾಗುವುದರಿಂದ ಎರಡನೆಯ ತಗಡಿನ ಒಂದು ಭಾಗವೂ ಬೇಕಾಗುತ್ತದೆ. ಕತ್ತರಿ ಹಿಡಿಯುವ ಮೊದಲು ಎಲ್ಲ ಭಾಗಗಳನ್ನೂ ಕಾಗದದ ಮೇಲೆ ಬರೆದು ಜೋಡಿಸಿ ನೋಡುವುದು ಲಾಭದಾಯಕ.

ಸತುವಿನ ಲೇಪನವುಳ್ಳ ತಗಡು ತುಕ್ಕು ಹಿಡಿಯುವುದಿಲ್ಲವೆಂದು ಕೆಲವರು ಅದನ್ನೇ ಆರಿಸುವುದುಂಟು. ಬೆಸುಗೆಯ ಕೆಲಸಕ್ಕೆ ಇದು ತಕ್ಕುದಲ್ಲ. ಸತುವು 907 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಉಕ್ಕು ಕರಗಲು ಸುಮಾರು 1500 ಡಿಗ್ರಿ ಬೇಕು. ಆದ್ದರಿಂದ ಉಕ್ಕು ಕರಗುವ ಮೊದಲೇ ಸತುವು ಆವಿಯಾಗಿ ಬಿಳಿಯ ಹೊಗೆಯಾಗುತ್ತದೆ. ಇದನ್ನು ಉಸಿರಾಡಿದವರಿಗೆ ಕೆಲವು ಗಂಟೆಗಳ ನಂತರ ಚಳಿ, ಜ್ವರ, ಮೈಕೈ ನೋವು ಕಾಣಿಸಿಕೊಳ್ಳುತ್ತವೆ. ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಇವು ಶಮನವಾಗುತ್ತವೆಯಾದರೂ, ಮಲೇರಿಯಾ ಅಥವಾ ಫ್ಲೂ ಎಂದು ತಪ್ಪಾಗಿ ಭಾವಿಸುವ ಸಂಭವವಿದೆ. ವೈದ್ಯರಲ್ಲಿಗೆ ಹೋದಾಗ ಬೆಸುಗೆಯ ಕೆಲಸ ಮಾಡಿದ್ದನ್ನು ತಪ್ಪದೆ ತಿಳಿಸಬೇಕು.

ಅಳತೆ ಮತ್ತು ಮಡಿಕೆ

ಚಪ್ಪಟೆ ತಗಡು ಸ್ವಲ್ಪ ಭಾರಕ್ಕೂ ಬಾಗುತ್ತದೆ. ತಗಡಿನ ಬಿಗಿತವು ಅದರ ದಪ್ಪದ ಘನದಷ್ಟು ಪ್ರಮಾಣದಲ್ಲಿ ಹೆಚ್ಚುತ್ತದೆ. ಎಂದರೆ ದಪ್ಪವನ್ನು ಇಮ್ಮಡಿಗೊಳಿಸಿದರೆ ಬಿಗಿತ ಎಂಟು ಪಟ್ಟಾಗುತ್ತದೆ. ಆದರೆ ಹಾಗೆ ಮಾಡಿದರೆ ಖರ್ಚೂ ತೂಕವೂ ಇಮ್ಮಡಿಯಾಗುತ್ತವೆ. ಅಂಚುಗಳನ್ನು ಮಡಿಸುವುದರಿಂದ ಅಲ್ಪ ವೆಚ್ಚದಲ್ಲಿಯೇ ಸಾಕಷ್ಟು ಬಿಗಿತ ದೊರೆಯುತ್ತದೆ. ಅಡ್ಡಹಲಗೆಗಳ ಮುಂಭಾಗವನ್ನು 25 ಮಿ.ಮೀ. ಕೆಳಕ್ಕೆ ಮಡಿಸಿದರೆ ಅದು ಕಿರಿದಾದ ತೊಲೆಯಂತೆ ಭಾರವನ್ನು ಹೊರುತ್ತದೆ. ಹರಿತವಾದ ಅಂಚು ಕೈ ಕೊಯ್ಯುವ ಅಪಾಯವೂ ತಪ್ಪುತ್ತದೆ.

ಮಡಿಸಿದಾಗ ತಗಡಿನ ಹೊರಮೈ ಹಿಗ್ಗಿ ಒಳಮೈ ಕುಗ್ಗುತ್ತದೆ. ಆದಕಾರಣ ಹೊರ ಅಳತೆಗಳ ಮೊತ್ತದಷ್ಟೇ ಉದ್ದ ಕತ್ತರಿಸಿದರೆ ಬೀರು ದೊಡ್ಡದಾಗುತ್ತದೆ. 1 ಮಿ.ಮೀ. ತಗಡಿನ ಪ್ರತಿಯೊಂದು ಲಂಬ ಮಡಿಕೆಗೆ ಸುಮಾರು 1.75 ಮಿ.ಮೀ. ಕಳೆಯಬೇಕು. ಉದಾಹರಣೆಗೆ, ಪಕ್ಕದ ಗೋಡೆಯ ಆಳ 400, ಮುಂದಿನ ಮಡಿಕೆ 25, ಹಿಂದಿನ ಮಡಿಕೆ 15 ಸೇರಿ 440 ಮಿ.ಮೀ. ಆಗುತ್ತದೆ. ಎರಡು ಮಡಿಕೆಗಳಿಗೆ 3.5 ಮಿ.ಮೀ. ಕಳೆದರೆ ಕತ್ತರಿಸಬೇಕಾದ ಅಗಲ 436.5 ಮಿ.ಮೀ. ಮಡಿಸುವ ಯಂತ್ರದ ಸ್ವಭಾವಕ್ಕನುಗುಣವಾಗಿ ಈ ಸಂಖ್ಯೆ ತುಸು ಬದಲಾಗುವುದರಿಂದ, ಮೊದಲು ಒಂದು ಚೂರನ್ನು ಮಡಿಸಿ ಅಳೆಯುವುದು ಉಚಿತ.

ಮಡಿಸುವ ಯಂತ್ರವಿಲ್ಲದಿದ್ದಲ್ಲಿ, ಎರಡು ಕಬ್ಬಿಣದ ಕೋನಪಟ್ಟಿಗಳ ನಡುವೆ ತಗಡನ್ನು ಶಿಕಂಜೆಗಳಿಂದ ಬಿಗಿದು, ಮರದ ಕೊಡತಿಯಿಂದ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸ್ವಲ್ಪಸ್ವಲ್ಪವಾಗಿ ಬಡಿದು ಮಡಿಸಬಹುದು. ಒಂದೇ ಜಾಗದಲ್ಲಿ ಬಲವಾಗಿ ಹೊಡೆದರೆ ತಗಡು ಅಲೆಅಲೆಯಾಗುತ್ತದೆ.

ಬೆಸುಗೆ ಮತ್ತು ಸೊಟ್ಟಾಗುವಿಕೆ

ಒಂದು ಮೀಟರು ಉದ್ದದ ಉಕ್ಕು 100 ಡಿಗ್ರಿಯಷ್ಟು ಹೆಚ್ಚು ಬಿಸಿಯಾದರೆ ಸುಮಾರು 1.2 ಮಿ.ಮೀ. ಹಿಗ್ಗುತ್ತದೆ. ಬೆಸುಗೆಯ ಜಾಗ ಮಾತ್ರ ಅತಿಯಾಗಿ ಕಾದು, ಸುತ್ತಲಿನ ತಗಡು ತಣ್ಣಗಿರುವುದರಿಂದ ಕಾದ ಭಾಗಕ್ಕೆ ಹಿಗ್ಗಲು ಅವಕಾಶ ದೊರೆಯದು. ಅದು ಅಲ್ಲಿಯೇ ಒತ್ತಲ್ಪಟ್ಟು, ತಣಿಯುವಾಗ ಮೊದಲಿಗಿಂತ ಕಿರಿದಾಗಿ ಸುತ್ತಲಿನ ತಗಡನ್ನು ಎಳೆಯುತ್ತದೆ. ಬೀರುವಿನ ಹಿಂಬದಿ ಉಬ್ಬಿಕೊಳ್ಳುವುದಕ್ಕೂ ಬಾಗಿಲು ಮುಚ್ಚದಿರುವುದಕ್ಕೂ ಇದೇ ಕಾರಣ.

ಆದ್ದರಿಂದ ಉದ್ದನೆಯ ಬೆಸುಗೆಯನ್ನು ಒಂದೇ ಸಲಕ್ಕೆ ಹಾಕಬಾರದು. ಮೊದಲು ನಾಲ್ಕು ಮೂಲೆಗಳಲ್ಲಿ ಚುಕ್ಕೆಯಂತೆ ಚಿಕ್ಕ ಬೆಸುಗೆಗಳನ್ನಿಟ್ಟು, ಮುಖದ ಎರಡೂ ಕರ್ಣಗಳನ್ನು ಅಳೆಯಬೇಕು. 900 ಮತ್ತು 600 ಮಿ.ಮೀ. ಭುಜಗಳ ಆಯತದ ಕರ್ಣ 1081.7 ಮಿ.ಮೀ. ಇರತಕ್ಕದ್ದು. ಎರಡೂ ಕರ್ಣಗಳು ಸಮನಾಗಿದ್ದರೆ ಮಾತ್ರ ಚೌಕಟ್ಟು ನೇರವಾಗಿದೆ ಎಂದರ್ಥ. ಈ ಹಂತದಲ್ಲಿ ತಪ್ಪನ್ನು ಕೈಯಿಂದ ಒತ್ತಿ ತಿದ್ದಬಹುದು. ಪೂರ್ಣ ಬೆಸುಗೆಯ ನಂತರ ತಿದ್ದುವುದು ಬಹುತೇಕ ಅಸಾಧ್ಯ. ಅನಂತರ ಸುಮಾರು 20 ಮಿ.ಮೀ. ಉದ್ದದ ಬೆಸುಗೆಗಳನ್ನು 100 ರಿಂದ 150 ಮಿ.ಮೀ. ಅಂತರದಲ್ಲಿ, ಒಂದು ಬದಿಯಿಂದ ಎದುರು ಬದಿಗೆ ಬದಲಿಸುತ್ತಾ ಹಾಕಬೇಕು. ಬೆಸುಗೆಯ ಹಿಂದೆ ತಾಮ್ರದ ಪಟ್ಟಿಯನ್ನು ಒತ್ತಿ ಹಿಡಿದರೆ ಅದು ಶಾಖವನ್ನು ಹೀರಿಕೊಂಡು ತಗಡು ತೂತಾಗುವುದನ್ನು ತಡೆಯುತ್ತದೆ.

ಕಡ್ಡಿ ಬೆಸುಗೆಗೆ 2 ಮಿ.ಮೀ. ದಪ್ಪದ ಕಡ್ಡಿ, 40 ರಿಂದ 60 ಆಂಪಿಯರ್ ವಿದ್ಯುತ್ ಸಾಕು. ತಂತಿ ತಾನಾಗಿ ಹರಿದುಬರುವ ಮಿಗ್ ಯಂತ್ರದಲ್ಲಿ 0.8 ಮಿ.ಮೀ. ತಂತಿಯನ್ನು ಬಳಸಬಹುದು, ತೆಳು ತಗಡಿಗೆ ಈ ವಿಧಾನ ಹೆಚ್ಚು ಸುಲಭ. ಬಾಗಿಲನ್ನು ಕೊನೆಯಲ್ಲಿ, ಸಿದ್ಧವಾದ ಬೀರುವಿನ ತೆರಪನ್ನು ಅಳೆದ ಮೇಲೆಯೇ ಮಾಡಬೇಕು. ಎಲ್ಲ ಬದಿಗಳಲ್ಲಿಯೂ 3 ಮಿ.ಮೀ. ಸಂದು ಬಿಟ್ಟರೆ ಬಣ್ಣದ ಪದರಗಳು ಸೇರಿದ ನಂತರವೂ ಬಾಗಿಲು ಸಲೀಸಾಗಿ ಮುಚ್ಚುತ್ತದೆ.

ಗಮನಿಸಬೇಕಾದ ಅಪಾಯಗಳು

ಬೆಸುಗೆಯ ಬೆಳಕಿನಲ್ಲಿ ಅತಿನೇರಳೆ ಕಿರಣಗಳು ಹೇರಳವಾಗಿರುತ್ತವೆ. ಬರಿಗಣ್ಣಿನಿಂದ ನೋಡಿದವರಿಗೆ ತಕ್ಷಣ ಏನೂ ಅನಿಸುವುದಿಲ್ಲ. ಹಲವು ಗಂಟೆಗಳು ಕಳೆದು, ಅನೇಕ ವೇಳೆ ಮಧ್ಯರಾತ್ರಿಯಲ್ಲಿ, ಕಣ್ಣಿಗೆ ಮರಳು ಬಿದ್ದಂತೆ ತೀವ್ರ ನೋವು ಆರಂಭವಾಗುತ್ತದೆ. ಕೆಲಸ ನೋಡಲು ನಿಂತ ಮಕ್ಕಳಿಗೂ ಈ ಅಪಾಯ ತಪ್ಪಿದ್ದಲ್ಲ. 10 ಅಥವಾ 11ನೇ ಛಾಯೆಯ ಗಾಜುಳ್ಳ ಮುಖಕವಚವೇ ಬೇಕು. ತಂಪು ಕನ್ನಡಕ ಎಷ್ಟು ಕಪ್ಪಾಗಿದ್ದರೂ ಸಾಲದು. ಚರ್ಮದ ಕೈಗವಸು ಮತ್ತು ದಪ್ಪ ಹತ್ತಿಯ ಉಡುಪು ಧರಿಸಬೇಕು. ನೈಲಾನ್, ಪಾಲಿಯೆಸ್ಟರ್ ಬಟ್ಟೆಗಳು ಕಿಡಿ ತಗುಲಿ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತವೆ.

ಬೆಸುಗೆಯ ಹೊಗೆಯನ್ನು ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಗುಂಪಿಗೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2017ರಲ್ಲಿ ಸೇರಿಸಿದೆ. ಮುಚ್ಚಿದ ಕೋಣೆಯಲ್ಲಿ ಬೆಸುಗೆ ಸಲ್ಲದು. ಗಾಳಿಯಾಡುವ ಸ್ಥಳದಲ್ಲಿ, ಮುಖವನ್ನು ಹೊಗೆಯ ಮೇಲೆ ಬಗ್ಗಿಸದೆ ಕೆಲಸ ಮಾಡಬೇಕು. ತಗಡಿನ ಎಣ್ಣೆಯನ್ನು ತೆಗೆಯಲು ಕ್ಲೋರಿನ್ ಸೇರಿದ ದ್ರಾವಕಗಳನ್ನು ಎಂದಿಗೂ ಬಳಸಬಾರದು. ಅವುಗಳ ಆವಿಯು ಬೆಸುಗೆಯ ಕಿರಣ ಮತ್ತು ಶಾಖಕ್ಕೆ ಸಿಕ್ಕಿ ಫಾಸ್ಜೀನ್ ಎಂಬ ಘೋರ ವಿಷಾನಿಲವಾಗಿ ಮಾರ್ಪಡಬಲ್ಲದು. ಸಾಬೂನು ನೀರಿನಿಂದ ತೊಳೆದು ಚೆನ್ನಾಗಿ ಒಣಗಿಸುವುದು ಸುರಕ್ಷಿತ ವಿಧಾನ.

ಮಳೆಗಾಲದಲ್ಲಿ ಒದ್ದೆ ನೆಲದ ಮೇಲೆ ನಿಂತು ಬೆಸುಗೆ ಹಾಕುವುದು ಪ್ರಾಣಾಪಾಯಕರ. ಯಂತ್ರಕ್ಕೆ ಸರಿಯಾದ ಭೂಸಂಪರ್ಕ, ಮನೆಯ ವಿದ್ಯುತ್ ಫಲಕದಲ್ಲಿ 30 ಮಿಲಿ ಆಂಪಿಯರ್ ಸೋರಿಕೆಗೇ ಕಡಿತಗೊಳ್ಳುವ ಸ್ವಿಚ್ಚು, ಕಾಲಿಗೆ ಒಣ ರಬ್ಬರ್ ಅಡಿಯ ಪಾದರಕ್ಷೆ ಇವು ಅಗತ್ಯ. ಕಿಡಿಗಳು ಹತ್ತು ಮೀಟರು ದೂರದವರೆಗೂ ಸಿಡಿಯಬಹುದು. ಕೆಲಸ ಮುಗಿದ ಮೇಲೂ ಅರ್ಧ ಗಂಟೆ ಸ್ಥಳದಲ್ಲಿದ್ದು, ಎಲ್ಲಿಯೂ ಕಿಡಿ ಹೊಗೆಯಾಡುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಬಹುಮಹಡಿ ಕಟ್ಟಡಗಳ ಬಾಲ್ಕನಿ ಇಂತಹ ಕೆಲಸಕ್ಕೆ ಸ್ಥಳವಲ್ಲ. ಅಲ್ಲಿ ವಾಸಿಸುವವರು ಅಳತೆ, ಮಡಿಕೆಗಳನ್ನು ತಾವೇ ಮಾಡಿಕೊಂಡು, ಬೆಸುಗೆಯನ್ನು ಮಾತ್ರ ಸಮೀಪದ ಕಾರ್ಯಾಗಾರದಲ್ಲಿ ಹಾಕಿಸುವುದು ವಿವೇಕ.

ಬಣ್ಣ ಮತ್ತು ಸ್ಥಾಪನೆ

ಬೆಸುಗೆಯ ಉಬ್ಬುಗಳನ್ನು ಉಜ್ಜಿ ತೆಗೆದು, ಗಸಿಯನ್ನೂ ತುಕ್ಕನ್ನೂ ಸಂಪೂರ್ಣ ನಿವಾರಿಸಿ, ಅದೇ ದಿನ ತುಕ್ಕು ನಿರೋಧಕ ಪ್ರೈಮರ್ ಬಳಿಯಬೇಕು. ಮುಂಬಯಿ, ಚೆನ್ನೈಗಳ ಉಪ್ಪು ಗಾಳಿಯಲ್ಲಿ ಬರಿಯ ಉಕ್ಕು ಒಂದು ರಾತ್ರಿಯಲ್ಲಿಯೇ ಕೆಂಪಾಗಬಲ್ಲದು. ಪುಣೆ, ಹೈದರಾಬಾದು, ದೆಹಲಿಗಳಲ್ಲಿಯೂ ಮಳೆಗಾಲದ ತೇವವನ್ನು ಅಲಕ್ಷಿಸುವಂತಿಲ್ಲ. ಮೇಲಿನ ಬಣ್ಣವನ್ನು ಕೊಳ್ಳುವಾಗ ಸೀಸದ ಪ್ರಮಾಣವನ್ನು ಡಬ್ಬಿಯ ಮೇಲೆ ಪರಿಶೀಲಿಸಬೇಕು. ಗೃಹೋಪಯೋಗಿ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷದಲ್ಲಿ 90 ಭಾಗಗಳನ್ನು ಮೀರಬಾರದೆಂದು 2016ರ ನಿಯಮಗಳು ವಿಧಿಸಿವೆ.

ಬೀರುವಿಗೆ 100 ಮಿ.ಮೀ. ಎತ್ತರದ ಕಾಲುಗಳಿದ್ದರೆ ನೆಲ ಒರೆಸುವ ನೀರು ತಗಲುವುದಿಲ್ಲ. ಭಾರವಾದ ಉಪಕರಣಗಳನ್ನು ಕೆಳಗಿನ ಹಲಗೆಯಲ್ಲಿಯೇ ಇಡಬೇಕು. ಕೊನೆಯದಾಗಿ, ಬೀರುವನ್ನು ಹಿಂಬದಿಯ ಗೋಡೆಗೆ ಎರಡು ತಿರುಪುಗಳಿಂದ ಬಿಗಿಯುವುದನ್ನು ಮರೆಯಬಾರದು. ತೆರೆದ ಬಾಗಿಲಿಗೆ ಮಗುವೊಂದು ಜೋತುಬಿದ್ದರೆ, ಗೋಡೆಗೆ ಬಿಗಿಯದ ಬೀರು ಮಗುವಿನ ಮೇಲೆಯೇ ಮಗುಚಿಕೊಳ್ಳಬಹುದು. ವಾರಗಟ್ಟಲೆ ಶ್ರಮಿಸಿ ಮಾಡಿದ ವಸ್ತು ಮನೆಯವರಿಗೆ ನೆಮ್ಮದಿ ತರುವುದು, ಹತ್ತು ನಿಮಿಷದ ಈ ಕೊನೆಯ ಕೆಲಸವೂ ಪೂರ್ಣವಾದಾಗಲೇ.