ಪರೀಕ್ಷಾಕೂಪವೂ ಯೋಗ್ಯಾನುಪಲಬ್ಧಿಯೂ

ಕಾಣದ ವಸ್ತುವನ್ನು ಇಲ್ಲವೆಂದು ಹೇಳಬಹುದೇ ಎಂಬುದು ನಮ್ಮ ಶಾಸ್ತ್ರಕಾರರು ಬಹುವಾಗಿ ವಿಚಾರಿಸಿದ ಪ್ರಶ್ನೆ. ಭಾಟ್ಟಮೀಮಾಂಸಕರು ಅನುಪಲಬ್ಧಿಯನ್ನು ಪ್ರತ್ಯೇಕ ಪ್ರಮಾಣವೆಂದರು. ನೈಯಾಯಿಕರು ಅದನ್ನು ಪ್ರತ್ಯಕ್ಷಕ್ಕೆ ಸಹಕಾರಿಯೆಂದು ಮಾತ್ರ ಒಪ್ಪಿದರು. ಆದರೆ ಒಂದಂಶದಲ್ಲಿ ಉಭಯರಿಗೂ ಐಕಮತ್ಯವುಂಟು: ಇದ್ದಿದ್ದರೆ ಕಾಣಲೇಬೇಕಾದ ಸ್ಥಿತಿಯಲ್ಲಿ ಕಾಣದಿದ್ದರೆ ಮಾತ್ರ ಇಲ್ಲವೆನ್ನಬೇಕು. ಬೆಳಕಿರುವ ಮನೆಯಲ್ಲಿ ಕೊಡವು ಕಾಣದಿದ್ದರೆ ಕೊಡವಿಲ್ಲ. ಕತ್ತಲೆಯಲ್ಲಿ ಕಾಣದಿದ್ದರೆ ಏನೂ ಸಿದ್ಧವಾಗದು. ಇದೇ ಯೋಗ್ಯಾನುಪಲಬ್ಧಿ. ನೆಲದೊಳಗೆ ಸೋರಿದ ಕಲ್ಲೆಣ್ಣೆಯನ್ನು ಕಂಡುಹಿಡಿಯಲು ಈಗ ಕೊರೆಯುವ ಪರೀಕ್ಷಾಕೂಪಗಳ ಮರ್ಮವೂ ಇದೇ ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಪೆಟ್ರೋಲು, ಡೀಸೆಲ್ ಮೊದಲಾದುವು ಹೂಳಿದ ತೊಟ್ಟಿಗಳಿಂದ ಸೋರಿದಾಗ ಮಣ್ಣಿನ ಕಣಗಳ ನಡುವೆ ಇಳಿದು ಅಂತರ್ಜಲವನ್ನು ಮುಟ್ಟಬಹುದು. ನೀರಿಗಿಂತ ಹಗುರವಾದ ಕಾರಣ ಎಣ್ಣೆಯು ಅದರ ಮೇಲೆ ಹರಡಿ ನಿಲ್ಲುತ್ತದೆ. ಬೆಂಜೀನ್ ಮುಂತಾದ ಅಂಶಗಳು ಕರಗಿ ನೀರಿನೊಡನೆ ಹರಿಯುತ್ತವೆ. ಬೆಂಜೀನ್ ರಕ್ತದ ಅರ್ಬುದರೋಗವನ್ನು ತರತಕ್ಕ ವಿಷ. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಅದು 10 ಮೈಕ್ರೊಗ್ರಾಮನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು ಸೂಚಿಸಿದೆ. ಮೂಗಿಗೆ ವಾಸನೆ ತಿಳಿಯಬೇಕಾದರೆ ಅದರ ನೂರಾರು ಪಟ್ಟು ಬೇಕು. ಆದುದರಿಂದ ‘ನಮ್ಮ ಬಾವಿಯ ನೀರಿಗೆ ವಾಸನೆಯಿಲ್ಲ’ ಎಂಬ ಸಮಾಧಾನವು ಕತ್ತಲೆಯಲ್ಲಿ ಕೊಡವನ್ನು ಹುಡುಕಿದವನ ಸಮಾಧಾನದಂತೆ.

ವರಾಹಮಿಹಿರನು ಬೃಹತ್ಸಂಹಿತೆಯ ದಕಾರ್ಗಲಾಧ್ಯಾಯದಲ್ಲಿ ಮರ, ಹುತ್ತ, ಮಣ್ಣುಗಳ ಲಕ್ಷಣದಿಂದ ಅಂತರ್ಜಲವನ್ನು ಊಹಿಸುವ ಕ್ರಮವನ್ನು ಹೇಳಿರುವನಷ್ಟೆ. ಅಲ್ಲಿ ಮುಖ್ಯವಾಗಿ ತಿಳಿಯಬೇಕಾದುದು ನೀರಿನ ಇರವು. ಇಲ್ಲಿ ನೀರಿನ ಶುದ್ಧಿ. ಇದಕ್ಕೆ ನೆಲದ ಮೇಲಿನ ಕುರುಹು ಸಾಲದು. ಆದಕಾರಣ ನೆಲವನ್ನು ಕೊರೆದು, ಬೇರೆ ಬೇರೆ ಆಳದ ಮಣ್ಣನ್ನು ಮೊದಲು ಪರೀಕ್ಷಿಸಿ, ಸಣ್ಣ ಕೊಳವೆಯೊಂದನ್ನು ಇಳಿಸುತ್ತಾರೆ. ಅದರ ಕೆಳಭಾಗದಲ್ಲಿ ನೀರು ಒಸರಿಬರಲು ಸೀಳುಗಳಿರುತ್ತವೆ. ಸೀಳುಗಳ ಸುತ್ತ ಮರಳನ್ನು ತುಂಬಿ, ಮೇಲಿನ ಕೊಳೆ ಇಳಿಯದಂತೆ ಅದರ ಮೇಲೆ ಬೆಂಟೊನೈಟ್ ಎಂಬ ನೀರು ಹೀರಿ ಉಬ್ಬುವ ಜೇಡಿಯನ್ನು ಹಾಕಿ ಮುಚ್ಚುತ್ತಾರೆ. ತೇಲುವ ಎಣ್ಣೆಯನ್ನು ಹುಡುಕುವಾಗ ಸೀಳುಗಳು ಜಲಮಟ್ಟದ ಕೆಳಗೂ ಮೇಲೂ ಹಬ್ಬಿರಬೇಕು. ಕೆಳಗೆ ಮಾತ್ರ ಇದ್ದರೆ ಎಣ್ಣೆಯು ಒಳಕ್ಕೆ ಬಾರದು; ಅದು ಹೊರಗೆ ನಿಂತಿರುವಾಗಲೇ ಬಾವಿಯು ‘ಇಲ್ಲ’ ಎಂದು ಸಾಕ್ಷಿ ಹೇಳುವುದು.

ಸ್ಥಳವೂ ಹಾಗೆಯೇ. ನೀರು ಹರಿಯುವ ದಿಕ್ಕು ಒಂದೆರಡು ಬಾವಿಗಳಿಂದ ನಿರ್ಣಯವಾಗದು. ಒಂದೇ ಸಾಲಿನಲ್ಲಿಲ್ಲದ ಮೂರು ಬಾವಿಗಳ ಜಲಮಟ್ಟವನ್ನಾದರೂ ಅಳೆಯಬೇಕು. ಬಳಿಕ ಸೋರಿಕೆಯ ಮೇಲ್ಹರಿವಿನಲ್ಲಿ ಒಂದನ್ನೂ ಕೆಳಹರಿವಿನಲ್ಲಿ ಹಲವನ್ನೂ ಇಟ್ಟು ಹೋಲಿಸಿದರೆ ಅನ್ವಯವ್ಯತಿರೇಕಗಳಿಂದ ದೋಷದ ಮೂಲವು ಸ್ಪಷ್ಟವಾಗುವುದು. ಕಾಲವನ್ನೂ ನೋಡಬೇಕು. ಜಲಮಟ್ಟವೇರಿದಾಗ ಎಣ್ಣೆಯು ಮಣ್ಣಿನ ರಂಧ್ರಗಳಲ್ಲಿ ಸಿಕ್ಕಿಕೊಂಡು ಬಾವಿಯಲ್ಲಿ ಮಾಯವಾಗುವುದುಂಟು. ಮಟ್ಟವಿಳಿದಾಗ ಮರಳಿ ತೋರುವುದು. ಆದುದರಿಂದ ಮಳೆಗಾಲದ ಒಂದು ಅಳತೆಯನ್ನು ನಂಬಿ ನೆಲವು ಶುದ್ಧವೆನ್ನಲಾಗದು.

ಅಮೆರಿಕದ ಮಿನಸೋಟ ಸಂಸ್ಥಾನದ ಬೆಮಿಜಿ ಪಟ್ಟಣದ ಬಳಿ 1979ನೆಯ ಆಗಸ್ಟ್ 20ರಂದು ತೈಲದ ಕೊಳವೆಯೊಂದು ಒಡೆದು ಸುಮಾರು 17 ಲಕ್ಷ ಲೀಟರು ಕಚ್ಚಾತೈಲ ಚೆಲ್ಲಿತು. ಬಳಿದು ತೆಗೆದು ಸುಟ್ಟಮೇಲೂ ಸುಮಾರು 4 ಲಕ್ಷ ಲೀಟರು ಉಳಿಯಿತು. ಅದರಲ್ಲಿ ಒಂದು ಭಾಗವು ಮರಳುನೆಲದಲ್ಲಿ ಇಳಿದು ಅಂತರ್ಜಲವನ್ನು ಸೇರಿತು. 1983ರಿಂದ ಆ ದೇಶದ ಭೂವಿಜ್ಞಾನ ಸರ್ವೇಕ್ಷಣದವರು ಅಲ್ಲಿ ಅನೇಕ ಕೂಪಗಳನ್ನಿಟ್ಟು ದಶಕಗಳ ಕಾಲ ಪರೀಕ್ಷೆ ನಡೆಸಿದರು. ಮಣ್ಣಿನ ಸೂಕ್ಷ್ಮಜೀವಿಗಳು ಎಣ್ಣೆಯ ಅಂಶಗಳನ್ನು ತಾವಾಗಿಯೇ ತಿಂದು ಕರಗಿಸುವುದು ಕಂಡುಬಂದಿತು. ಆದರೆ ಆಮ್ಲಜನಕ ಮುಗಿದ ಬಳಿಕ ಆ ಜೀವಿಗಳು ಮಣ್ಣಿನ ಕಬ್ಬಿಣದ ಸಂಯುಕ್ತಗಳನ್ನು ಬಳಸತೊಡಗಲು, ಅವಕ್ಕೆ ಅಂಟಿದ್ದ ಆರ್ಸೆನಿಕ್ ಎಂಬ ಪಾಷಾಣವು ನೀರಿಗೆ ಬಿಡುಗಡೆಯಾಯಿತು. ಎಣ್ಣೆಯೊಂದನ್ನೇ ಹುಡುಕಿದ್ದರೆ ಈ ವಿಷವು ಕಾಣುತ್ತಿರಲಿಲ್ಲ.

ಹೀಗಿರುವುದರಿಂದ ‘ದೋಷವು ಕಂಡುಬರಲಿಲ್ಲ’ ಎಂಬ ಪರೀಕ್ಷಾಪತ್ರವು ಕೈಗೆ ಬಂದಾಗ, ಎಲ್ಲಿ ಕೊರೆದರು, ಯಾವ ಆಳದಲ್ಲಿ, ಯಾವ ಋತುವಿನಲ್ಲಿ, ಯಾವ ಯಾವ ವಸ್ತುಗಳನ್ನು ಹುಡುಕಿದರು ಎಂಬ ನಾಲ್ಕನ್ನೂ ವಿಚಾರಿಸತಕ್ಕದ್ದು. ಇವಕ್ಕೆ ಉತ್ತರ ದೊರೆತಲ್ಲಿ ಮಾತ್ರ ಆ ಅನುಪಲಬ್ಧಿಯು ಯೋಗ್ಯವಾದುದು. ಆ ನೀರನ್ನು ಮಕ್ಕಳಿಗೆ ಕೊಡುವ ಧೈರ್ಯವೂ ಆಗಲೇ ಯುಕ್ತವಾದುದು.