ಚಳಿಗಾಲದ ಮುಂಜಾವಿನಲ್ಲಿ ಕಾರು ಹೊರಡಲು ತಡವೇಕೆ?

ಹಗಲೆಲ್ಲ ಸಲೀಸಾಗಿ ಓಡಿದ ಕಾರು ಪುಷ್ಯಮಾಸದ ಮುಂಜಾವಿನಲ್ಲಿ ಒಮ್ಮೆಗೇ ಹೊರಡದೆ, ಐದಾರು ಸಲ ಗೊರಗುಟ್ಟಿ, ಒಡೆಯನ ಸಹನೆಯನ್ನೆಲ್ಲ ತೀರಿಸಿದ ಬಳಿಕ ಪ್ರಾರಂಭವಾಗುವುದುಂಟು. ಇದು ಚಳಿಯ ಸ್ವಭಾವವೆಂದು ಕೆಲವರು ಸುಮ್ಮನಾಗುತ್ತಾರೆ. ಕೆಲವರು ಕೂಡಲೇ ಹೊಸ ಬ್ಯಾಟರಿ ಕೊಳ್ಳುತ್ತಾರೆ. ಈ ಎರಡನ್ನೂ ನಾವು ಒಪ್ಪಲಾರೆವು. ಬೆಂಗಳೂರಿನಲ್ಲಾಗಲಿ ಮಡಿಕೇರಿಯಲ್ಲಾಗಲಿ ಉಷ್ಣತೆಯು 10 ಡಿಗ್ರಿ ಸೆಂಟಿಗ್ರೇಡಿಗಿಂತ ಬಹಳ ಕೆಳಗಿಳಿಯುವುದು ಅಪರೂಪ. ನೀರು ಹೆಪ್ಪುಗಟ್ಟುವ ಶೀತದಲ್ಲಿಯೂ ಹೊರಡುವಂತೆ ರಚಿತವಾದ ಯಂತ್ರಕ್ಕೆ ಇದು ಲೆಕ್ಕಕ್ಕೆ ಬಾರದ ಚಳಿ. ಆದುದರಿಂದ ಇಲ್ಲಿ ಕಾರು ತಡವರಿಸಿದರೆ, ಅದರಲ್ಲಿ ಮೊದಲೇ ಅಡಗಿದ್ದ ದೋಷವೊಂದನ್ನು ಚಳಿ ಹೊರಗೆಡಹಿತೆಂದೇ ತಿಳಿಯಬೇಕು. ಆ ದೋಷವನ್ನು ಗುರುತಿಸುವ ಬಗೆಯನ್ನು ವಿಚಾರಿಸೋಣ.

ಪರೀಕ್ಷೆಯನ್ನು ಕಿವಿಯಿಂದಲೇ ಪ್ರಾರಂಭಿಸಬಹುದು. ಎಂಜಿನ್ನನ್ನು ಮೊದಲು ತಿರುಗಿಸುವುದು ಸ್ಟಾರ್ಟರ್ ಮೋಟಾರು. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರು 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂದಿತು. ಅದಕ್ಕೆ ಮುಂಚೆ ಈ ಕೆಲಸ ಬಹುಮಟ್ಟಿಗೆ ತೋಳಬಲದ್ದಾಗಿತ್ತು. ಈ ಮೋಟಾರು ಏದುಸಿರು ಬಿಡುವಂತೆ ನಿಧಾನವಾಗಿ ತಿರುಗುತ್ತಿದೆಯೆ? ಅಥವಾ ಎಂದಿನ ವೇಗದಲ್ಲಿ ತಿರುಗಿಸುತ್ತಿದ್ದರೂ ಎಂಜಿನ್ನು ಹೊತ್ತಿಕೊಳ್ಳದೆ ಇದೆಯೆ? ಮೊದಲನೆಯದಾದರೆ ದೋಷವನ್ನು ಹೆಚ್ಚಾಗಿ ವಿದ್ಯುತ್ತಿನ ಕಡೆ ಹುಡುಕಬೇಕು. ಎರಡನೆಯದಾದರೆ ಇಂಧನ ಅಥವಾ ಕಿಡಿಯ ಕಡೆ. ಇವೆರಡನ್ನು ಬೇರ್ಪಡಿಸದೆ ಬಿಡಿಭಾಗಗಳನ್ನು ಬದಲಾಯಿಸುವುದು ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆ.

ನಿಧಾನವಾಗಿ ತಿರುಗುವ ಎಂಜಿನ್ನನ್ನು ಮೊದಲು ನೋಡೋಣ. ಚಳಿಯಲ್ಲಿ ಕೀಲೆಣ್ಣೆ ಮಂದವಾಗಿ ಹೆಚ್ಚು ಬಲವನ್ನು ಬೇಡುತ್ತದೆ. ಅದೇ ಹೊತ್ತಿನಲ್ಲಿ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ಮಂದವಾಗಿ ಅದರ ಶಕ್ತಿ ತಗ್ಗುತ್ತದೆ. ಪೂರ್ಣ ತುಂಬಿದ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಎಂಜಿನ್ನು ತಿರುಗುತ್ತಿರುವಾಗ ಅದು 10 ವೋಲ್ಟಿಗಿಂತ ಬಹಳ ಕೆಳಗಿಳಿದರೆ ಬ್ಯಾಟರಿ ಬರಿದಾಗಿರಬೇಕು ಇಲ್ಲವೆ ಹಳತಾಗಿರಬೇಕು. ಬ್ಯಾಟರಿಯನ್ನು ಸವೆಸುವುದು ಬೇಸಗೆಯ ಶಾಖವೇ. ಸವೆತ ಕಣ್ಣಿಗೆ ಬೀಳುವುದು ಮಾತ್ರ ಚಳಿಯಲ್ಲಿ.

“ದೀಪಗಳು ಚೆನ್ನಾಗಿಯೇ ಉರಿಯುತ್ತಿವೆ, ವಿದ್ಯುತ್ತಿನಲ್ಲಿ ದೋಷವಿರಲಾರದು” ಎಂಬ ಮಾತು ಗ್ಯಾರೇಜುಗಳಲ್ಲಿ ಆಗಾಗ ಕೇಳಿಬರುತ್ತದೆ. ಓಮನ ನಿಯಮವನ್ನು ಓದಿದ ವಿದ್ಯಾರ್ಥಿ ಇದನ್ನು ನಂಬಬಾರದು. ಬ್ಯಾಟರಿಯ ಕಂಬಕ್ಕೆ ಬಿಗಿದ ಕೇಬಲ್ಲಿನ ಹಿಡಿಯಲ್ಲಿ ಕಿಲುಬು ಕಟ್ಟಿ 0.01 ಓಮ್ ರೋಧ ಉಂಟಾಗಿದೆಯೆಂದು ಭಾವಿಸಿ. ಮುಂದಿನ ದೀಪವೊಂದು ಸೆಳೆಯುವ 5 ಆಂಪಿಯರ್ ಪ್ರವಾಹಕ್ಕೆ ಅಲ್ಲಿ ನಷ್ಟವಾಗುವುದು ಕೇವಲ 0.05 ವೋಲ್ಟ್, ದೀಪ ಮಂಕಾಗದು. ಸ್ಟಾರ್ಟರು ಸೆಳೆಯುವ ಪ್ರವಾಹ 200 ಆಂಪಿಯರ್ ಆದರೆ ನಷ್ಟ 2 ವೋಲ್ಟ್! ವೋಲ್ಟ್ ಮಾಪಕದ ಒಂದು ತುದಿಯನ್ನು ಕಂಬಕ್ಕೂ ಇನ್ನೊಂದನ್ನು ಹಿಡಿಗೂ ತಾಗಿಸಿ, ಮತ್ತೊಬ್ಬರಿಂದ ಸ್ಟಾರ್ಟರನ್ನು ತಿರುಗಿಸಿದರೆ ನಿಜಸ್ಥಿತಿ ಕೂಡಲೇ ತಿಳಿಯುತ್ತದೆ. ಮುಳ್ಳು ಸೊನ್ನೆಯ ಬಳಿಯೇ ನಿಲ್ಲಬೇಕು. ನಿಲ್ಲದಿದ್ದರೆ ಉಜ್ಜುಕಾಗದದಿಂದ ಹಿಡಿಯನ್ನು ಶುಚಿಮಾಡಿ ಬಿಗಿದರಾಯಿತು. ಹೊಸ ಬ್ಯಾಟರಿಯ ಖರ್ಚು ಉಳಿಯಿತು.

ಇನ್ನು ಚುರುಕಾಗಿ ತಿರುಗಿಯೂ ಹೊತ್ತಿಕೊಳ್ಳದ ಎಂಜಿನ್ನು. ದ್ರವರೂಪದ ಪೆಟ್ರೋಲು ಉರಿಯದು. ಗಾಳಿಯೊಡನೆ ಬೆರೆತ ಅದರ ಆವಿ ಉರಿಯುತ್ತದೆ. ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಬೇಕು. ತಣ್ಣಗಿನ ಎಂಜಿನ್ನಿನಲ್ಲಿ ಪೆಟ್ರೋಲಿನ ಒಂದು ಭಾಗ ಆವಿಯಾಗದೆ ಗೋಡೆಗಳಿಗೆ ಅಂಟಿಕೊಳ್ಳುವುದರಿಂದ ಹೆಚ್ಚು ಪೆಟ್ರೋಲನ್ನು ಒದಗಿಸಬೇಕಾಗುತ್ತದೆ. ಹಳೆಯ ಅಂಬಾಸಡರ್, ಪದ್ಮಿನಿ ಕಾರುಗಳಲ್ಲಿ ಚಾಲಕನು ಚೋಕ್ ಎಳೆದು ಈ ಕೆಲಸ ಮಾಡುತ್ತಿದ್ದನು. ಇಂದಿನ ಕಾರುಗಳಲ್ಲಿ ಒಂದು ಚಿಕ್ಕ ಗಣಕ, ಎಂಜಿನ್ನಿನ ತಂಪುದ್ರವದಲ್ಲಿ ಮುಳುಗಿರುವ ಉಷ್ಣತಾ ಸಂವೇದಕದ ಮಾತು ಕೇಳಿ ಪ್ರಮಾಣವನ್ನು ನಿರ್ಧರಿಸುತ್ತದೆ. ಬಿಸಿಯೇರಿದಂತೆ ಈ ಸಂವೇದಕದ ರೋಧ ಕಡಿಮೆಯಾಗುತ್ತದೆ. ಅದು ಕೆಟ್ಟು, ತಣ್ಣಗಿನ ಎಂಜಿನ್ನನ್ನು ಬಿಸಿಯೆಂದು ವರದಿಮಾಡಿದರೆ ಪೆಟ್ರೋಲು ಸಾಲದಾಗುತ್ತದೆ. ಪರೀಕ್ಷೆ ಸುಲಭ: ರಾತ್ರಿಯೆಲ್ಲ ನಿಂತ ಕಾರಿನಲ್ಲಿ ಸಂವೇದಕದ ಉಷ್ಣತೆಯೂ ಹೊರಗಿನ ಗಾಳಿಯ ಉಷ್ಣತೆಯೂ ಹೆಚ್ಚುಕಡಿಮೆ ಒಂದೇ ಆಗಿರಬೇಕು. ಗ್ಯಾರೇಜಿನ ಸ್ಕ್ಯಾನರು 60 ಡಿಗ್ರಿ ತೋರಿಸಿದರೆ ಅಪರಾಧಿ ಸಿಕ್ಕಿದಂತೆಯೇ. ಡೀಸೆಲ್ ಎಂಜಿನ್ನಿಗೆ ಕಿಡಿಯಿಲ್ಲ. ಅಲ್ಲಿ ಸಿಲಿಂಡರನ್ನು ಮುಂಚಿತವಾಗಿ ಕಾಯಿಸುವ ಗ್ಲೋ ಪ್ಲಗ್ಗುಗಳನ್ನು ನೋಡಬೇಕು.

ಕೊನೆಯದಾಗಿ ಒಂದು ಸೂಕ್ಷ್ಮ. ಬೆಳಗಿನ ಕಾರು ತಣ್ಣಗಿರುವುದಷ್ಟೇ ಅಲ್ಲ, ಎಂಟು ಗಂಟೆ ನಿಂತೂ ಇರುತ್ತದೆ. ತಡಕ್ಕೆ ಚಳಿ ಕಾರಣವೋ ನಿಲುಗಡೆ ಕಾರಣವೋ? ಸೆಕೆಯ ದಿನವೊಂದರಲ್ಲಿ ಅಷ್ಟೇ ಹೊತ್ತು ನಿಲ್ಲಿಸಿ ನೋಡಬೇಕು. ಆಗಲೂ ತಡವಾದರೆ, ಪೆಟ್ರೋಲು ಕೊಳವೆಯ ಒತ್ತಡ ಸೋರಿಹೋಗುತ್ತಿದೆಯೆಂದು ಶಂಕಿಸಬಹುದು. ಅನೇಕ ಕಾರುಗಳಲ್ಲಿ ಕೀಲಿಕೈಯನ್ನು ಅರ್ಧ ತಿರುಗಿಸಿದಾಗ ಪಂಪು ಎರಡು ಸೆಕೆಂಡುಗಳಷ್ಟು ಕಾಲ ನಡೆದು ನಿಲ್ಲುತ್ತದೆ. ಸ್ಟಾರ್ಟರನ್ನು ಮುಟ್ಟದೆ ಹೀಗೆ ಮೂರು ಸಲ ಮಾಡಿ, ಅನಂತರ ತಿರುಗಿಸಿದೊಡನೆ ಎಂಜಿನ್ನು ಹೊರಟರೆ, ಪಂಪಿನ ಹಿಮ್ಮುಖ ತಡೆಕವಾಟವನ್ನೂ ಪೆಟ್ರೋಲು ಚಿಮ್ಮಿಸುವ ಇಂಜೆಕ್ಟರುಗಳನ್ನೂ ಪರೀಕ್ಷಿಸಲು ಮೆಕ್ಯಾನಿಕನಿಗೆ ಹೇಳಬೇಕು.